ಹಣ ಮುಂದೆ ಹೋಗಿದೆ, ಮನೆ ನವೀಕರಣದ ಕೆಲಸ ಹಿಂದೆ ಬಿದ್ದಿದೆ: ಗುತ್ತಿಗೆದಾರರೊಂದಿಗೆ ಹೇಗೆ ವ್ಯವಹರಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಮನೆಯ ನವೀಕರಣವನ್ನು ಒಬ್ಬ ಗುತ್ತಿಗೆದಾರರಿಗೆ ಸಾಮಗ್ರಿ ಸಹಿತ ಒಟ್ಟು ಮೊತ್ತಕ್ಕೆ ವಹಿಸಿದ್ದೇವೆ. ಎರಡು ಬಚ್ಚಲುಮನೆಗಳನ್ನೂ ಅಡುಗೆಮನೆಯನ್ನೂ ಪೂರ್ತಿ ಒಡೆದು ಹೊಸದಾಗಿ ಮಾಡುವುದು, ಇಡೀ ಮನೆಯ ವೈರಿಂಗ್ ಮತ್ತು ನೀರಿನ ಪೈಪುಗಳನ್ನು ಬದಲಿಸುವುದು, ಕಳಚಿ ಬೀಳುತ್ತಿದ್ದ ಕಡೆಗಳಲ್ಲಿ ಹೊಸ ಗಾರೆ, ಅಡುಗೆಮನೆಯ ಕಪಾಟುಗಳು, ಕೊನೆಗೆ ಬಣ್ಣ, ಇವಿಷ್ಟೂ ಮಾತಿನಲ್ಲಿವೆ. ಒಪ್ಪಂದವೆಂದರೆ ಅವರು ಕೊಟ್ಟ ಎರಡು ಪುಟಗಳ ಕೊಟೇಶನ್ ಮತ್ತು ಅದರ ಕೆಳಗೆ ಇಬ್ಬರ ಸಹಿ. ಹಣವನ್ನು ಕಂತುಗಳಲ್ಲಿ ಕೊಡಬೇಕೆಂದು ಅದರಲ್ಲಿ ಬರೆದಿದೆಯೇ ಹೊರತು ಯಾವ ಕಂತು ಯಾವ ಕೆಲಸ ಮುಗಿದ ಮೇಲೆ ಎಂಬುದು ಬರೆದಿಲ್ಲ.

ಇಲ್ಲಿಯವರೆಗೆ ಒಟ್ಟು ಮೊತ್ತದ ಶೇ. 70ರಷ್ಟನ್ನು ಕೊಟ್ಟಾಗಿದೆ. ಒಡೆಯುವ ಕೆಲಸ ಮುಗಿದಿದೆ; ನೀರಿನ ಪೈಪುಗಳೂ ವೈರಿಂಗ್ ಪೈಪುಗಳೂ ಬಹುಮಟ್ಟಿಗೆ ಗೋಡೆಯೊಳಗೆ ಕೂತಿವೆ; ಗಾರೆ ಮುಕ್ಕಾಲು ಪಾಲು ಆಗಿದೆ; ಟೈಲ್ಸ್ ಪೆಟ್ಟಿಗೆಗಳು ಬಂದು ಹಜಾರದಲ್ಲಿ ಸಾಲಾಗಿ ನಿಂತಿವೆ; ಕಪಾಟುಗಳ ಚೌಕಟ್ಟು ಅರ್ಧಂಬರ್ಧ ಆಗಿದೆ. ಕೆಲವು ವಾರಗಳಿಂದ ಕೆಲಸದವರು ಒಂದು ದಿನ ಬಂದರೆ ಎರಡು ದಿನ ಬರುವುದಿಲ್ಲ. ಗುತ್ತಿಗೆದಾರರು ಮಾತ್ರ ಮುಂದಿನ ಕಂತನ್ನು ಕೇಳುತ್ತಿದ್ದಾರೆ, ಅದರ ಜೊತೆಗೆ ಹೆಚ್ಚುವರಿ ಕೆಲಸವೆಂದು ಒಟ್ಟು ಮೊತ್ತದ ಶೇ. 15ರಷ್ಟು ಬೇರೆ ಲೆಕ್ಕವನ್ನೂ ಕೊಟ್ಟಿದ್ದಾರೆ. ಆ ಪಟ್ಟಿಯಲ್ಲಿ ನಾವೇ ಕೇಳಿ ಹಾಕಿಸಿಕೊಂಡ ಹೊಸ ಸ್ವಿಚ್ ಪಾಯಿಂಟ್‌ಗಳಿವೆ, ಒಡೆದಾಗ ಸ್ಲ್ಯಾಬ್‌ನಲ್ಲಿ ಕಂಡುಬಂದ ತುಕ್ಕುಹಿಡಿದ ಕಬ್ಬಿಣದ ದುರಸ್ತಿ ಇದೆ, ಬಚ್ಚಲುಮನೆಗಳ ವಾಟರ್‌ಪ್ರೂಫಿಂಗ್ ಕೂಡ ಇದೆ. ಮಹಡಿಯ ಬಚ್ಚಲುಮನೆಗೆ ವಾಟರ್‌ಪ್ರೂಫಿಂಗ್ ಬಳಿದು ಮುಗಿಸಿದ್ದಾರೆ. ಹಣ ಕೈಗೆ ಬಂದರೆ ಈ ವಾರವೇ ಅಲ್ಲಿ ಟೈಲ್ಸ್ ಹಾಕಿಸಿಬಿಡುತ್ತೇನೆ ಎನ್ನುತ್ತಾರೆ.

ಮಾಡಿರುವ ಕೆಲಸ ಕಣ್ಣಿಗೆ ಕೆಟ್ಟದಾಗಿ ಕಾಣುವುದಿಲ್ಲ, ಮನುಷ್ಯರೂ ಮಾತಿನಲ್ಲಿ ಸೌಮ್ಯರೇ. ಆದರೂ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಇನ್ನು ಒಂದು ಪೈಸೆಯನ್ನೂ ಕೊಡದೆ ಇವರನ್ನು ಬಿಡಿಸಿ ಬೇರೆಯವರನ್ನು ಕರೆಸೋಣ ಎಂಬುದು ಒಂದು. ಇಷ್ಟು ಕೊಟ್ಟ ಮೇಲೆ ಇನ್ನಷ್ಟು ಕೊಟ್ಟು ಹೇಗಾದರೂ ಮುಗಿಸಿಕೊಳ್ಳೋಣ ಎಂಬುದು ಇನ್ನೊಂದು. ಈಗ ಯಾವ ಕ್ರಮದಲ್ಲಿ ನಡೆದುಕೊಂಡರೆ ಮನೆಯ ಕೆಲಸವೂ ಕೆಡದೆ ಹಣವೂ ಮುಳುಗದೆ ಉಳಿಯುತ್ತದೆ ಎಂಬುದನ್ನು ಅನುಭವವುಳ್ಳವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಮೊದಲ ಉತ್ತರ, ಒಬ್ಬ ಸಿವಿಲ್ ಎಂಜಿನಿಯರ್ ಅವರಿಂದ

ಮನೆ ಮಾಲೀಕರ ಪರವಾಗಿ ಅಳತೆ ತೆಗೆದು ಗುತ್ತಿಗೆದಾರರ ಬಿಲ್ಲುಗಳನ್ನು ಪರಿಶೀಲಿಸುವುದು ನನ್ನ ನಿತ್ಯದ ಕೆಲಸ. ಇವರನ್ನು ಇಟ್ಟುಕೊಳ್ಳಬೇಕೇ ಬಿಡಿಸಬೇಕೇ ಎಂಬ ನಿರ್ಧಾರವನ್ನು ದಯವಿಟ್ಟು ಸದ್ಯಕ್ಕೆ ಮುಂದಕ್ಕೆ ಹಾಕಿ. ನಿಮ್ಮ ಕೈಯಲ್ಲಿ ಕೊಟ್ಟ ಹಣದ ಲೆಕ್ಕ ಚೆನ್ನಾಗಿಯೇ ಇದೆ, ಆಗಿರುವ ಕೆಲಸದ ಲೆಕ್ಕ ಮಾತ್ರ ಇಲ್ಲ. ಈ ಎರಡನೆಯ ಲೆಕ್ಕ ಕಾಗದದ ಮೇಲೆ ಬಾರದೆ ಮನೆಯವರ ಎರಡು ಅಭಿಪ್ರಾಯಗಳಲ್ಲಿ ಯಾವುದು ಸರಿ ಎಂದು ಯಾರೂ ಹೇಳಲಾರರು.

ಲೆಕ್ಕ ಹಾಕುವ ಕ್ರಮ ಹೀಗಿದೆ. ಇಡೀ ಗುತ್ತಿಗೆಯನ್ನು 100 ಪಾಲು ಎಂದಿಟ್ಟುಕೊಂಡು, ಒಂದೊಂದು ಬಗೆಯ ಕೆಲಸಕ್ಕೂ ಅದರ ಖರ್ಚಿಗೆ ತಕ್ಕಷ್ಟು ಪಾಲನ್ನು ಹಂಚಬೇಕು. ಕೊಟೇಶನ್‌ನಲ್ಲಿ ಪ್ರತ್ಯೇಕ ಮೊತ್ತಗಳಿದ್ದರೆ ಅವನ್ನೇ ಹಿಡಿಯಿರಿ. ಇಲ್ಲದಿದ್ದರೆ ಗುತ್ತಿಗೆದಾರರನ್ನು ಕೂರಿಸಿಕೊಂಡು ಅವರ ಬಾಯಿಂದಲೇ ಹೇಳಿಸಿ. ಉದಾಹರಣೆಗೆ ಒಡೆದು ಸಾಗಿಸುವುದಕ್ಕೆ 8, ಪೈಪು ಮತ್ತು ವೈರಿಂಗ್‌ಗೆ 20, ಗಾರೆಗೆ 12, ವಾಟರ್‌ಪ್ರೂಫಿಂಗ್ ಮತ್ತು ಟೈಲ್ಸ್‌ಗೆ 25, ಮರಗೆಲಸಕ್ಕೆ 20, ಬಣ್ಣಕ್ಕೆ 10, ಕೊನೆಯ ಜೋಡಣೆ ಮತ್ತು ಶುಚಿಗೊಳಿಸುವುದಕ್ಕೆ 5 ಎಂದುಕೊಳ್ಳೋಣ. ನೀವು ಬರೆದಿರುವ ಸ್ಥಿತಿಯನ್ನು ಇದಕ್ಕೆ ಹೊಂದಿಸಿದರೆ ಒಡೆಯುವ ಕೆಲಸಕ್ಕೆ ಪೂರ್ತಿ 8 ಸಲ್ಲುತ್ತದೆ, ಪೈಪು ವೈರಿಂಗ್‌ನಲ್ಲಿ ನಲ್ಲಿ, ಸ್ವಿಚ್ಚು, ಫಲಕ ಇವೆಲ್ಲ ಬಾಕಿ ಇರುವುದರಿಂದ 15, ಗಾರೆಗೆ 9, ವಾಟರ್‌ಪ್ರೂಫಿಂಗ್‌ಗೆ 2, ಮರಗೆಲಸಕ್ಕೆ 6. ಒಟ್ಟು 40 ಪಾಲು ಆಯಿತು. ಹಜಾರದಲ್ಲಿರುವ ಟೈಲ್ಸ್‌ಗೆ 12 ಪಾಲು ಕೊಡಬಹುದು, ಆದರೆ ಅಂಗಡಿಯವರಿಗೆ ಅದರ ಹಣ ಸಂದಾಯವಾಗಿದೆ ಎಂಬ ರಸೀದಿಯನ್ನು ಕಣ್ಣಾರೆ ನೋಡಿದ ಮೇಲಷ್ಟೇ. ಆಗ 52 ಆಗುತ್ತದೆ.

ನೀವು ಕೊಟ್ಟಿರುವುದು 70. ಇನ್ನು ಆಗಬೇಕಾದ ಕೆಲಸ 48 ಪಾಲು, ನಿಮ್ಮ ಬಳಿ ಉಳಿದಿರುವ ಹಣ 30 ಪಾಲು. ಕೆಲಸದವರು ಬಾರದಿರುವುದರ ಮುಖ್ಯ ಕಾರಣ ಇಲ್ಲೇ ಇರುವ ಸಂಭವ ಹೆಚ್ಚು, ಏಕೆಂದರೆ ಗುತ್ತಿಗೆದಾರರ ದೃಷ್ಟಿಯಲ್ಲಿ ನಿಮ್ಮ ಮನೆಯಲ್ಲಿ ಇನ್ನು ಮುಂದೆ ಖರ್ಚು ಹೆಚ್ಚು, ಬರುವ ಹಣ ಕಡಿಮೆ. ಅವರು ಎಷ್ಟೇ ಒಳ್ಳೆಯವರಾಗಿದ್ದರೂ ದಿನಗೂಲಿ ಕೊಡಬೇಕಾದ ಸಂಜೆ ಬಂದಾಗ ಹಣ ಹುಟ್ಟುವ ಇನ್ನೊಂದು ಮನೆಗೆ ಆಳುಗಳನ್ನು ಕಳಿಸುತ್ತಾರೆ.

ಆದ್ದರಿಂದ ಈಗ ಕೇಳುತ್ತಿರುವ ಕಂತನ್ನು ಒಟ್ಟಾಗಿ ಕೊಡಬೇಡಿ, ಪೂರ್ತಿ ನಿಲ್ಲಿಸಲೂ ಬೇಡಿ. ಕೊನೆಯ 5 ಪಾಲನ್ನು ಎಲ್ಲ ಮುಗಿದು ತಪ್ಪುಗಳೆಲ್ಲ ತಿದ್ದಿದ ಮೇಲೆ ಕೊಡುವುದಕ್ಕೆಂದು ಬದಿಗಿಟ್ಟುಕೊಳ್ಳಿ. ಉಳಿಯುವ 25 ಪಾಲನ್ನು 48 ಪಾಲಿನ ಕೆಲಸಕ್ಕೆ ಹಂಚಿದರೆ, ಪ್ರತಿ ಸಣ್ಣ ಹಂತ ಮುಗಿದಾಗ ಅದರ ಮೌಲ್ಯದ ಸುಮಾರು ಅರ್ಧದಷ್ಟು ಅವರಿಗೆ ಸಿಗುತ್ತದೆ. ಮಿಕ್ಕ ಅರ್ಧದಲ್ಲಿ ಹೆಚ್ಚಿನದು ಅವರು ಈಗಾಗಲೇ ಮುಂಗಡವಾಗಿ ಪಡೆದಿರುವುದರಲ್ಲಿ ವಜಾ ಆಗುತ್ತದೆ, ಉಳಿದದ್ದು ಬದಿಗಿಟ್ಟ ಆ 5 ಪಾಲು. ಹಂತಗಳು ಚಿಕ್ಕದಾಗಿರಲಿ: ಮಹಡಿಯ ಬಚ್ಚಲುಮನೆಯ ನೆಲದ ಟೈಲ್ಸ್, ಗೋಡೆಯ ಟೈಲ್ಸ್, ಅಡುಗೆಮನೆಯ ಗಾರೆ, ಹೀಗೆ ಕೆಲವೇ ದಿನಗಳಲ್ಲಿ ಮುಗಿದು ಕಣ್ಣಿಗೆ ಕಾಣುವಂತಿರಬೇಕು. ಟೈಲ್ಸ್ ಹಾಕುವ ಅಂಟು, ಬಣ್ಣ ಮುಂತಾದ ಸಾಮಗ್ರಿಯ ಹಣವನ್ನು ಅವರ ಒಪ್ಪಿಗೆ ಪಡೆದು ನೇರವಾಗಿ ಅಂಗಡಿಗೇ ಕೊಟ್ಟು ಅದನ್ನು ಅವರ ಲೆಕ್ಕಕ್ಕೆ ಬರೆದುಕೊಳ್ಳುವುದು ಇಂಥ ಸ್ಥಿತಿಯಲ್ಲಿ ಇಬ್ಬರಿಗೂ ಕ್ಷೇಮ.

ಇದಕ್ಕಿಂತಲೂ ತುರ್ತಾದ ವಿಷಯ ಆ ಮಹಡಿಯ ಬಚ್ಚಲುಮನೆ. ನೀರು ನಿಲ್ಲಿಸಿ ಪರೀಕ್ಷೆ ಮಾಡುವ ಮುಂಚೆ ಅಲ್ಲಿ ಒಂದು ಟೈಲನ್ನೂ ಹಾಕಲು ಬಿಡಬೇಡಿ. ವಾಟರ್‌ಪ್ರೂಫಿಂಗ್ ಪದರ ಅದರ ಡಬ್ಬಿಯ ಮೇಲೆ ಹೇಳಿರುವಷ್ಟು ಕಾಲ ಒಣಗಿದ ನಂತರ ನೀರು ಹೋಗುವ ಬಾಯಿಯನ್ನು ಭದ್ರವಾಗಿ ಮುಚ್ಚಿ, ಹೊಸ್ತಿಲ ಬಳಿ ಸಣ್ಣ ಕಟ್ಟೆ ಕಟ್ಟಿ, ನೆಲದ ಮೇಲೆ 25ರಿಂದ 50 ಮಿಲಿಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿ ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಹಾಗೆಯೇ ಬಿಡಬೇಕು. ಆವಿಯಾಗಿ ಸ್ವಲ್ಪ ಇಳಿಯುವುದು ಸಹಜ. ಕೆಳಗಿನ ಕೋಣೆಯ ಸೀಲಿಂಗ್‌ನಲ್ಲಿ, ಪೈಪು ಸ್ಲ್ಯಾಬನ್ನು ದಾಟಿ ಇಳಿಯುವ ಜಾಗದಲ್ಲಿ, ಪಕ್ಕದ ಕೋಣೆಯ ಗೋಡೆಯ ಬುಡದಲ್ಲಿ ಎಲ್ಲಿಯೂ ತೇವ ಕಾಣಬಾರದು. ಈ ಪರೀಕ್ಷೆಗೆ ಬೇಕಾಗುವುದು ನೀರು ಮತ್ತು ತಾಳ್ಮೆ ಮಾತ್ರ. ಇದನ್ನು ಬಿಟ್ಟು ಟೈಲ್ಸ್ ಹಾಕಿಸಿದರೆ, ಮುಂದೆ ಸೋರಿಕೆ ಕಂಡ ದಿನ ಇಡೀ ನೆಲವನ್ನು ಮತ್ತೆ ಒಡೆಯಬೇಕಾಗುತ್ತದೆ.

ನೀರಿನ ಪೈಪುಗಳನ್ನೂ ಗಾರೆ ಮುಚ್ಚದ ಕಡೆಗಳಲ್ಲಿ ಈಗಲೇ ಒತ್ತಡದ ಪಂಪು ಹಚ್ಚಿ ಪರೀಕ್ಷಿಸಿಕೊಳ್ಳಿ. ಸಾಮಾನ್ಯವಾಗಿ ಬಳಕೆಯ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ಕೆಲವು ಗಂಟೆ ಮೀಟರಿನ ಮುಳ್ಳು ಇಳಿಯುತ್ತದೆಯೇ ಎಂದು ನೋಡುವುದು ರೂಢಿ. ಜೊತೆಗೆ ಪ್ರತಿ ಗೋಡೆಯ ಮುಂದೆ ಅಳತೆ ಟೇಪನ್ನು ಹಿಡಿದು, ಪೈಪು ಮೂಲೆಯಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಎಂಬುದು ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಕನ್ನಡಿ ತೂಗುಹಾಕಲು ಗೋಡೆ ಕೊರೆಯುವ ದಿನ ಆ ಫೋಟೊದ ಬೆಲೆ ತಿಳಿಯುತ್ತದೆ.

ಎರಡನೆಯ ಉತ್ತರ, ಒಬ್ಬ ಗುತ್ತಿಗೆದಾರರಿಂದ

ನಾನು ಇದೇ ವೃತ್ತಿಯವನಾದ್ದರಿಂದ ಎದುರಿನ ಕುರ್ಚಿಯಲ್ಲಿ ಕುಳಿತವರ ಮಾತನ್ನೂ ಸ್ವಲ್ಪ ಹೇಳಬೇಕೆನಿಸಿತು. ಎಂಜಿನಿಯರ್ ಅವರು ಹಾಕಿಕೊಟ್ಟ ಲೆಕ್ಕ ನ್ಯಾಯವಾಗಿದೆ, ಅದನ್ನು ನಿಮ್ಮ ಗುತ್ತಿಗೆದಾರರೂ ಒಪ್ಪುವ ಸಂಭವವಿದೆ. ಆದರೆ ಅದನ್ನು ಆರೋಪಪಟ್ಟಿಯಂತೆ ಓದಬೇಡಿ. ಜೊತೆಯಲ್ಲಿ ನಿಂತು ಟೇಪು ಹಿಡಿದು ಅಳೆದು, ಇಬ್ಬರೂ ಒಂದೇ ಕಾಗದದಲ್ಲಿ ಬರೆದು ಸಹಿ ಹಾಕಿದರೆ ಮುಂದಿನ ಮಾತು ತಾನಾಗಿಯೇ ತಣ್ಣಗಾಗುತ್ತದೆ.

ಕೆಲಸದವರು ದಿನ ಬಿಟ್ಟು ದಿನ ಬರುವುದಕ್ಕೆ ಹಣದ ಹೊರತಾಗಿಯೂ ಕಾರಣಗಳಿರುತ್ತವೆ. ಟೈಲ್ಸ್ ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ ಇವರು ಯಾರೂ ಒಬ್ಬ ಸಣ್ಣ ಗುತ್ತಿಗೆದಾರನ ಸಂಬಳದ ಆಳುಗಳಾಗಿರುವುದಿಲ್ಲ. ನಾಲ್ಕಾರು ಕಡೆ ಕೆಲಸ ಹಿಡಿದಿರುತ್ತಾರೆ. ಪ್ಲಂಬರ್ ಮುಗಿಸದೆ ಗಾರೆಯವರು ಮುಂದುವರಿಯಲಾರರು, ಗಾರೆ ಮುಗಿಯದೆ ಟೈಲ್ಸ್‌ನವರು ಬಂದು ಪ್ರಯೋಜನವಿಲ್ಲ. ನಲ್ಲಿಯ ಮಾದರಿಯನ್ನು ಮನೆಯವರು ಇನ್ನೂ ಆರಿಸಿಲ್ಲವೆಂಬ ಒಂದೇ ಕಾರಣಕ್ಕೆ ಪ್ಲಂಬರ್ ವಾಪಸು ಹೋದರೆ ಅವರನ್ನು ಮತ್ತೆ ಹಿಡಿದು ತರುವುದಕ್ಕೆ ವಾರವೇ ಹಿಡಿಯಬಹುದು. ಆದ್ದರಿಂದ ನೀವು ನಿರ್ಧರಿಸಬೇಕಾದ ವಿಷಯಗಳು ಏನೇನು ಬಾಕಿ ಇವೆ, ಯಾವ ತಾರೀಖಿನೊಳಗೆ ತಿಳಿಸಬೇಕು ಎಂಬ ಪಟ್ಟಿಯನ್ನು ಅವರಿಂದ ಬರೆಸಿಕೊಳ್ಳಿ. ನಿಮ್ಮ ಕಡೆಯ ತಡವನ್ನು ನೀವು ಕಳೆದುಬಿಟ್ಟರೆ ಅವರ ಕಡೆಯ ತಡ ಎಷ್ಟೆಂಬುದು ಇಬ್ಬರಿಗೂ ಸ್ಪಷ್ಟವಾಗುತ್ತದೆ.

ಹೆಚ್ಚುವರಿ ಲೆಕ್ಕವನ್ನು ಒಂದೇ ಮೊತ್ತವಾಗಿ ಒಪ್ಪುವುದೂ ತಪ್ಪು, ಒಂದೇ ಮಾತಿನಲ್ಲಿ ತಳ್ಳಿಹಾಕುವುದೂ ತಪ್ಪು. ಅದರಲ್ಲಿ ಮೂರು ಬೇರೆ ಬೇರೆ ಜಾತಿಯ ಬಾಬತ್ತುಗಳಿವೆ. ನೀವೇ ಕೇಳಿ ಹಾಕಿಸಿಕೊಂಡ ಸ್ವಿಚ್ ಪಾಯಿಂಟ್‌ಗಳ ಹಣವನ್ನು ನೀವು ಕೊಡಲೇಬೇಕು; ಮೂಲ ಕೊಟೇಶನ್‌ನಲ್ಲಿ ಒಂದು ಪಾಯಿಂಟ್‌ಗೆ ಹಿಡಿದ ದರ ಏನಿದೆಯೋ ಅದೇ ದರದಲ್ಲಿ, ಎಷ್ಟು ಪಾಯಿಂಟ್ ಎಂದು ಎಣಿಸಿ ಕೊಡಿ. ಕಬ್ಬಿಣದ ದುರಸ್ತಿ ಒಡೆಯುವ ಮುಂಚೆ ಯಾರ ಕಣ್ಣಿಗೂ ಬೀಳದಿದ್ದದ್ದು, ಹಳೆಯ ಮನೆಗಳಲ್ಲಿ ಇದು ಇದ್ದದ್ದೇ. ಇದರ ಖರ್ಚೂ ಮಾಲೀಕರದೇ, ಆದರೆ ಮಾಡಿದ ವಿಧಾನವನ್ನು ಅವರು ತೋರಿಸಬೇಕು. ಸಡಿಲವಾದ ಕಾಂಕ್ರೀಟನ್ನು ಬಿಡಿಸಿ, ಕಬ್ಬಿಣದ ತುಕ್ಕನ್ನು ಉಜ್ಜಿ ತೆಗೆದು, ತುಕ್ಕು ತಡೆಯುವ ಲೇಪ ಕೊಟ್ಟು, ದುರಸ್ತಿಗೆಂದೇ ಇರುವ ಗಾರೆಯನ್ನು ತುಂಬಿದ್ದರೆ ಅದಕ್ಕೆ ಕೊಡುವ ಹಣ ಸಾರ್ಥಕ. ಬರೀ ಸಿಮೆಂಟು ಮೆತ್ತಿ ಮುಚ್ಚಿದ್ದರೆ ಒಳಗಿನ ತುಕ್ಕು ಹಿಗ್ಗುತ್ತಾ ಹೋಗಿ ಆ ತೇಪೆಯನ್ನೇ ಸಿಡಿಸಿ ಬೀಳಿಸುತ್ತದೆ. ಸರಳು ಸವೆದು ತೆಳ್ಳಗಾಗಿದ್ದರೆ ಆ ಮಾತು ನನ್ನಂಥವರ ಕೈಯಲ್ಲೂ ಇಲ್ಲ, ಎಂಜಿನಿಯರ್ ಬಂದು ನೋಡಿಯೇ ತೀರಬೇಕು.

ಮೂರನೆಯದು ವಾಟರ್‌ಪ್ರೂಫಿಂಗ್. ಬಚ್ಚಲುಮನೆಯನ್ನು ಪೂರ್ತಿ ಒಡೆದು ಹೊಸದಾಗಿ ಮಾಡಿಕೊಡುತ್ತೇನೆಂದು ಒಟ್ಟು ಮೊತ್ತ ಹೇಳಿದವರು ಅದನ್ನು ಹೆಚ್ಚುವರಿಯೆಂದು ಕೇಳುವುದು ವೃತ್ತಿಧರ್ಮಕ್ಕೆ ಸರಿಹೊಂದುವುದಿಲ್ಲ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಕೊಟೇಶನ್‌ನಲ್ಲಿ ವಾಟರ್‌ಪ್ರೂಫಿಂಗ್ ಸೇರಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತು ಬೇರೆ. ಬರೆದಿಲ್ಲವೆಂದಾದರೆ ಅದು ಅವರು ದರ ಹಾಕುವಾಗ ಬಿಟ್ಟುಹೋದ ಬಾಬತ್ತು, ಅದನ್ನು ಅವರೇ ಭರಿಸಬೇಕು. ಎಂಜಿನಿಯರ್ ಅವರು ಅದನ್ನು 100 ಪಾಲಿನ ಒಳಗೇ ಸೇರಿಸಿರುವುದು ಸರಿಯಾಗಿದೆ.

ಇನ್ನು ಮುಂದೆ ಬರುವ ಬದಲಾವಣೆಗಳಿಗೆ ಒಂದು ನಿಯಮ ಮಾಡಿಕೊಳ್ಳಿ: ಏನು ಬದಲಾವಣೆ, ಎಷ್ಟು ಹಣ, ಎಷ್ಟು ದಿನ ಹೆಚ್ಚು, ಈ ಮೂರನ್ನೂ ಫೋನಿನಲ್ಲಿ ಒಂದು ಸಂದೇಶವಾಗಿ ಬರೆದು, ಎದುರಿನವರು ಒಪ್ಪಿಗೆ ಎಂದು ಉತ್ತರಿಸಿದ ನಂತರವೇ ಆ ಕೆಲಸಕ್ಕೆ ಕೈಹಾಕಬೇಕು. ದೊಡ್ಡ ಕರಾರುಪತ್ರವೇನೂ ಬೇಡ, ತಾರೀಖಿರುವ ಎರಡು ಸಾಲು ಸಾಕು. ಅಷ್ಟೇ ಮುಖ್ಯವಾದದ್ದು, ಮನೆಯಿಂದ ಒಬ್ಬರೇ ಮಾತನಾಡಬೇಕು, ಅದೂ ಗುತ್ತಿಗೆದಾರರೊಂದಿಗೇ ಮಾತನಾಡಬೇಕು. ಬೆಳಗ್ಗೆ ಯಜಮಾನರು ಮೇಸ್ತ್ರಿಗೆ ಬೇಸಿನ್ ಇಲ್ಲಿರಲಿ ಎಂದು ಹೇಳಿ ಹೋಗಿ, ಮಧ್ಯಾಹ್ನ ಮನೆಯೊಡತಿ ಇನ್ನೊಂದು ಗೋಡೆ ತೋರಿಸಿ, ಸಂಜೆ ಹಿರಿಯರು ಬಂದು ಎರಡೂ ಬೇಡವೆಂದರೆ, ಆಳು ಮೂರನ್ನೂ ಪಾಲಿಸಲು ಹೋಗಿ ಗೋಡೆ ಹಾಳಾಗುತ್ತದೆ, ಆಮೇಲೆ ಅದರ ಬಿಲ್ಲಿನ ಬಗ್ಗೆ ಜಗಳವಾಗುತ್ತದೆ. ನಾನು ಕಂಡ ಹೆಚ್ಚುವರಿ ಬಿಲ್ಲಿನ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಹೀಗೆ ಬಾಯಿಮಾತಿನಲ್ಲಿ ಕೊಟ್ಟ ಸೂಚನೆಗಳಿಂದ.

ಮೂರನೆಯ ಉತ್ತರ, ಗುತ್ತಿಗೆದಾರರನ್ನು ಮಧ್ಯದಲ್ಲಿ ಬದಲಿಸಿದ ಮನೆಯವರಿಂದ

ಮೇಲಿನ ಇಬ್ಬರೂ ಹೇಳಿದ ಹಾಗೆ ಮೊದಲು ಸರಿಪಡಿಸಿಕೊಳ್ಳಲು ಪ್ರಯತ್ನಿಸುವುದೇ ಮೇಲು. ಒಂದು ವೇಳೆ ಬಿಡಿಸಲೇಬೇಕಾಗಿ ಬಂದರೆ ಯಾವ ರೀತಿ ಬಿಡಿಸಬೇಕೆಂಬುದನ್ನು ನಾವು ನಡೆದ ದಾರಿಯಿಂದ ತಿಳಿಸುತ್ತೇನೆ.

ಕೋಪದಲ್ಲಿ ಫೋನಿನಲ್ಲಿ ನಾಳೆಯಿಂದ ಬರಬೇಡಿ ಎಂದು ಹೇಳುವುದು ಬಹಳ ದುಬಾರಿ ಮಾತು, ಏಕೆಂದರೆ ಕೆಲಸ ನಿಲ್ಲಿಸಿದವರು ನೀವೇ ಎಂದು ಅವರು ಹೇಳಲು ಅದು ಅವಕಾಶ ಕೊಡುತ್ತದೆ. ಯಾವ ಕೆಲಸ ಬಾಕಿ ಇದೆ, ಎಷ್ಟು ದಿನದಿಂದ ನಿಂತಿದೆ, ಯಾವ ತಾರೀಖಿನೊಳಗೆ ಮತ್ತೆ ಆರಂಭಿಸಿ ಯಾವ ತಾರೀಖಿಗೆ ಮುಗಿಸಬೇಕು ಎಂಬುದನ್ನು ಸೌಜನ್ಯದಿಂದ ಬರವಣಿಗೆಯಲ್ಲಿ ಕೊಡಿ. ಆ ಗಡುವು ನಿಜವಾಗಿಯೂ ಪಾಲಿಸಲು ಸಾಧ್ಯವಾಗುವಂತಿರಬೇಕು. ಅದೂ ಮೀರಿದರೆ ಎರಡನೆಯ ಪತ್ರದಲ್ಲಿ, ಇಂಥ ದಿನ ಜಂಟಿಯಾಗಿ ಅಳತೆ ತೆಗೆಯುತ್ತೇವೆ, ನೀವೂ ಬನ್ನಿ, ನೀವು ಬಾರದಿದ್ದರೂ ಮೂರನೆಯವರ ಸಮ್ಮುಖದಲ್ಲಿ ಅಳತೆ ನಡೆಯುತ್ತದೆ ಎಂದು ತಿಳಿಸಬೇಕು. ಕಾನೂನಿನ ವಿವರ ಊರಿಂದೂರಿಗೆ ಬೇರೆಯಾಗುವುದರಿಂದ ಆ ಎರಡನೆಯ ಪತ್ರಕ್ಕೆ ಮುಂಚೆ ವಕೀಲರೊಬ್ಬರಿಗೆ ಕೊಟೇಶನ್ ತೋರಿಸುವುದು ಒಳ್ಳೆಯದು.

ಅಳತೆಯ ದಿನ ಮನೆಯಲ್ಲಿರುವ ಸಾಮಗ್ರಿಯನ್ನೂ ಪಟ್ಟಿ ಮಾಡಿ. ನಿಮ್ಮ ಹಣದಿಂದ ಬಂದ ಟೈಲ್ಸ್, ಪೈಪು, ವೈರು ನಿಮ್ಮವು. ಮಿಕ್ಸರ್ ಯಂತ್ರ, ಹಲಗೆ, ಕಂಬಿ, ಟೈಲ್ಸ್ ಕತ್ತರಿಸುವ ಯಂತ್ರ ಅವರವು. ಬಾಕಿಗೆ ಒತ್ತೆಯಾಗಿ ಅವರ ಉಪಕರಣಗಳನ್ನು ಹಿಡಿದಿಟ್ಟುಕೊಳ್ಳುವ ಯೋಚನೆ ಬೇಡವೇ ಬೇಡ, ಅದು ಬೇರೆಯೇ ತಕರಾರಿಗೆ ದಾರಿ ಮಾಡಿಕೊಡುತ್ತದೆ. ಅವರ ಆಳುಗಳಿಗೆ ಮತ್ತು ಅಂಗಡಿಯವರಿಗೆ ಬಾಕಿ ಏನಾದರೂ ಇದೆಯೇ ಎಂದು ಕೇಳಿ ಬರೆಸಿಕೊಳ್ಳಿ. ಕೆಲವು ದೇಶಗಳಲ್ಲಿ ಹಣ ಸಿಗದ ಕೆಲಸಗಾರರೂ ಸಾಮಗ್ರಿ ಕೊಟ್ಟವರೂ ಆ ಮನೆಯ ಮೇಲೆಯೇ ಹಕ್ಕು ಸಾಧಿಸಲು ಕಾನೂನು ಅವಕಾಶ ಕೊಡುತ್ತದೆ. ಕೂಲಿಯವರ ವಿಷಯದಲ್ಲಿ ಕಾನೂನಿಗಿಂತ ಮುಂಚೆ ನ್ಯಾಯದ ಪ್ರಶ್ನೆಯೂ ಇದೆ. ನಮ್ಮ ಮನೆಯಲ್ಲಿ ದುಡಿದವರ ಕೂಲಿ ಯಾರದೋ ಜಗಳದಲ್ಲಿ ನಿಂತುಹೋಗಬಾರದು ಎಂಬುದನ್ನು ನಾವು ಲೆಕ್ಕ ಮುಗಿಸುವಾಗ ಮೊದಲ ಷರತ್ತಾಗಿ ಇಟ್ಟಿದ್ದೆವು.

ಹೊಸಬರು ಬಂದಾಗ ಎದುರಾಗುವ ಕಷ್ಟವನ್ನೂ ಈಗಲೇ ತಿಳಿದಿರಬೇಕು. ಅರ್ಧಕ್ಕೆ ನಿಂತ ಕೆಲಸವನ್ನು ಹಿಡಿಯುವವರು ಕಡಿಮೆ, ಹಿಡಿದವರೂ ಹೆಚ್ಚು ದರ ಕೇಳುತ್ತಾರೆ, ಹಳಬರು ಗೋಡೆಯೊಳಗೆ ಏನು ಮಾಡಿದ್ದಾರೋ ಅದಕ್ಕೆ ತಾವು ಹೊಣೆಯಲ್ಲ ಎನ್ನುತ್ತಾರೆ, ಹಾಗೆನ್ನುವುದು ಅವರ ದೃಷ್ಟಿಯಿಂದ ಸರಿಯೂ ಹೌದು. ಆದ್ದರಿಂದ ಬಿಡಿಸುವುದಾದರೆ ಕೆಲಸದ ಸಹಜವಾದ ಗಡಿಯಲ್ಲಿ ಬಿಡಿಸಿ. ವಾಟರ್‌ಪ್ರೂಫಿಂಗ್ ಒಬ್ಬರದು, ಅದರ ಮೇಲಿನ ಟೈಲ್ಸ್ ಇನ್ನೊಬ್ಬರದು ಎಂದಾದರೆ ಮುಂದೆ ಸೋರಿದಾಗ ಮೊದಲನೆಯವರು ಟೈಲ್ಸ್‌ನವರು ಪದರ ತೂತು ಮಾಡಿದರು ಎನ್ನುತ್ತಾರೆ, ಎರಡನೆಯವರು ಪದರವೇ ಸರಿಯಿರಲಿಲ್ಲ ಎನ್ನುತ್ತಾರೆ. ಒಂದು ಬಚ್ಚಲುಮನೆಯ ನೀರಿನ ಕೆಲಸ ಒಬ್ಬರ ಕೈಯಲ್ಲೇ ಆರಂಭವಾಗಿ ಅವರ ಕೈಯಲ್ಲೇ ಮುಗಿಯಲಿ. ನಿಮ್ಮ ಸ್ಥಿತಿಯಲ್ಲಿ ಎರಡು ಬಚ್ಚಲುಮನೆಗಳನ್ನು ಇವರಿಂದಲೇ ಪೂರೈಸಿಕೊಂಡು, ಬೇಕಿದ್ದರೆ ಮರಗೆಲಸ ಮತ್ತು ಬಣ್ಣವನ್ನು ಗುತ್ತಿಗೆಯಿಂದ ಕಡಿತ ಮಾಡಿ ಬೇರೆಯವರಿಗೆ ಕೊಡುವುದು ಸುಲಭವಾಗಿ ಆಗುವ ಮಾತು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಗುತ್ತಿಗೆದಾರರನ್ನು ಕರೆಸಿ ಜೊತೆಯಲ್ಲೇ ಕುಳಿತು ಪಾಲುಗಳನ್ನು ಬರೆದೆವು. ಅವರ ಲೆಕ್ಕದಲ್ಲಿ ಆಗಿರುವ ಕೆಲಸ 56 ಪಾಲು, ನಮ್ಮ ಲೆಕ್ಕದಲ್ಲಿ 51. ಎರಡೂ 70ಕ್ಕಿಂತ ಸಾಕಷ್ಟು ಕೆಳಗಿವೆ ಎಂಬುದನ್ನು ಕಂಡ ಮೇಲೆ ಅವರೇ ಸ್ವಲ್ಪ ಹೊತ್ತು ಸುಮ್ಮನಾದರು, ಮಾತಿನ ಧಾಟಿಯೂ ಬದಲಾಯಿತು. 53ಕ್ಕೆ ಒಪ್ಪಿ ಸಹಿ ಹಾಕಿದ್ದೇವೆ. ವಾಟರ್‌ಪ್ರೂಫಿಂಗ್ ಬಾಬತ್ತನ್ನು ಹೆಚ್ಚುವರಿ ಪಟ್ಟಿಯಿಂದ ತೆಗೆಯಲು ಅವರು ಒಪ್ಪಿದ್ದಾರೆ. ಸ್ವಿಚ್ ಪಾಯಿಂಟ್‌ಗಳನ್ನು ಎಣಿಸಿ ಹಣ ಕೊಟ್ಟೆವು. ಕಬ್ಬಿಣದ ದುರಸ್ತಿಯನ್ನು ಎಂಜಿನಿಯರ್ ಒಬ್ಬರು ಬಂದು ನೋಡುವವರೆಗೆ ಬಾಕಿ ಇಟ್ಟಿದ್ದೇವೆ.

ಮಹಡಿಯ ಬಚ್ಚಲುಮನೆಯಲ್ಲಿ ನೀರು ನಿಲ್ಲಿಸಿದೆವು. ಮೊದಲ ದಿನ ಏನೂ ಕಾಣಲಿಲ್ಲ. ಎರಡನೆಯ ದಿನ ಕೆಳಗಿನ ಕೋಣೆಯ ಸೀಲಿಂಗ್‌ನಲ್ಲಿ, ನೀರು ಹೋಗುವ ಪೈಪು ಸ್ಲ್ಯಾಬನ್ನು ದಾಟಿ ಬರುವ ಸುತ್ತ, ಅಂಗೈಯಗಲದ ತೇವ ಕಾಣಿಸಿಕೊಂಡಿದೆ. ಮಿಕ್ಕ ಸೀಲಿಂಗ್ ಒಣಗಿಯೇ ಇದೆ. ಅಷ್ಟು ಸಣ್ಣ ತೇವಕ್ಕೆ ಚಿಂತಿಸಬೇಕಿಲ್ಲ, ಟೈಲ್ಸ್ ಹಾಕಿ ಸಂದುಗಳನ್ನು ತುಂಬಿದ ಮೇಲೆ ನಿಂತುಹೋಗುತ್ತದೆ ಎಂದು ಟೈಲ್ಸ್ ಮೇಸ್ತ್ರಿ ಹೇಳುತ್ತಾರೆ. ಇದನ್ನು ನಂಬಬಹುದೇ?

ಸಿವಿಲ್ ಎಂಜಿನಿಯರ್ ಅವರಿಂದ

ದಯವಿಟ್ಟು ನಂಬಬೇಡಿ. ಟೈಲ್ಸ್ ಮತ್ತು ಸಂದಿಗೆ ತುಂಬುವ ಪುಡಿ ನೀರನ್ನು ತಡೆಯುವ ಪದರವಲ್ಲ. ಸಿಮೆಂಟಿನ ಸಂದುಗಳ ಮೂಲಕ ನಿಧಾನವಾಗಿ ನೀರು ಇಳಿದೇ ಇಳಿಯುತ್ತದೆ, ಅದನ್ನು ತಡೆಯುವುದಕ್ಕೆಂದೇ ಕೆಳಗೆ ವಾಟರ್‌ಪ್ರೂಫಿಂಗ್ ಇರುವುದು. ಎರಡು ದಿನಕ್ಕೆ ಅಂಗೈಯಗಲವಿರುವ ತೇವ, ದಿನವೂ ಸ್ನಾನ ಮಾಡುವ ನೆಲದಲ್ಲಿ ಕಾಲಕ್ರಮೇಣ ನಿಮ್ಮ ಸ್ಲ್ಯಾಬ್‌ನ ಕಬ್ಬಿಣವನ್ನು ಮುಟ್ಟುತ್ತದೆ. ಈಗಾಗಲೇ ತುಕ್ಕು ಕಂಡಿರುವ ಮನೆಯಲ್ಲಿ ಇದನ್ನು ಬಿಡುವುದು ಸರ್ವಥಾ ಸಲ್ಲದು.

ಒಳ್ಳೆಯ ಸಂಗತಿಯೆಂದರೆ ತೇವ ಪೈಪಿನ ಸುತ್ತ ಮಾತ್ರ ಇದೆ, ಆದ್ದರಿಂದ ನೆಲದ ಪದರ ಬಹುಶಃ ಸರಿಯಾಗಿದೆ, ಪೈಪು ಮತ್ತು ಸ್ಲ್ಯಾಬ್ ಕೂಡುವ ಜಾಗ ಸರಿಯಾಗಿ ಮುಚ್ಚಿಲ್ಲ. ಇದು ಬಚ್ಚಲುಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸೋರುವ ಸ್ಥಳ, ಏಕೆಂದರೆ ನುಣುಪಾದ ಪ್ಲಾಸ್ಟಿಕ್ ಪೈಪಿಗೆ ಸಿಮೆಂಟು ಗಟ್ಟಿಯಾಗಿ ಅಂಟುವುದಿಲ್ಲ. ನೀರು ಖಾಲಿ ಮಾಡಿ ಚೆನ್ನಾಗಿ ಒಣಗಲು ಬಿಟ್ಟು, ಪೈಪಿನ ಸುತ್ತ ಸಡಿಲವಾಗಿರುವ ಗಾರೆಯನ್ನು ಕೆತ್ತಿ ತೆಗೆಸಿ. ಆ ತೋಡಿನಲ್ಲಿ ಕುಗ್ಗದ ಗಾರೆ ತುಂಬಿಸಿ, ಪೈಪಿನ ಅಂಚಿಗೆ ಹಿಗ್ಗಿ ಕುಗ್ಗುವ ಸೀಲಂಟ್ (ಸಂದು ಮುಚ್ಚುವ ಅಂಟು) ಕೊಡಿಸಿ, ಆಮೇಲೆ ವಾಟರ್‌ಪ್ರೂಫಿಂಗ್ ಪದರವನ್ನು ನಡುವೆ ಬಲಪಡಿಸುವ ಜಾಲರಿ ಬಟ್ಟೆ ಇಟ್ಟು ಪೈಪಿನ ಬಾಯಿಯವರೆಗೂ ಎಳೆಸಬೇಕು. ಗೋಡೆ ಮತ್ತು ನೆಲ ಸೇರುವ ಮೂಲೆಗಳಲ್ಲೂ ಇದೇ ಜಾಲರಿ ಇದೆಯೇ ಎಂದು ಈಗಲೇ ಕೇಳಿ ನೋಡಿಕೊಳ್ಳಿ. ಈ ತಿದ್ದುಪಡಿಯ ಖರ್ಚು ಗುತ್ತಿಗೆದಾರರದ್ದು, ಇದನ್ನು ಯಾವ ಪಟ್ಟಿಯಲ್ಲೂ ಹೆಚ್ಚುವರಿಯಾಗಿ ಸೇರಿಸುವ ಹಾಗಿಲ್ಲ.

ಲೇಪ ಒಣಗಿದ ನಂತರ ಮತ್ತೆ ಅಷ್ಟೇ ಎತ್ತರಕ್ಕೆ ನೀರು ನಿಲ್ಲಿಸಿ ಪೂರ್ತಿ 48 ಗಂಟೆ ಕಾಯಿರಿ. ಮೊದಲ ಸಲ ತೇವ ಕಂಡದ್ದು ಎರಡನೆಯ ದಿನವಾದ್ದರಿಂದ 24 ಗಂಟೆ ಸಾಕಾಗುವುದಿಲ್ಲ. ಕೆಳಗಿನ ಸೀಲಿಂಗ್‌ನಲ್ಲಿ ಈಗಿರುವ ತೇವದ ಅಂಚಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆದು ಫೋಟೊ ತೆಗೆದಿಟ್ಟರೆ, ಹಳೆಯ ತೇವ ಯಾವುದು ಹೊಸದು ಯಾವುದು ಎಂಬ ವಾದ ಬರುವುದಿಲ್ಲ. ಆ ಗೆರೆಯೊಳಗಿನ ಭಾಗ ಒಣಗುತ್ತಾ ಬಂದು ಹೊರಗೆ ಎಲ್ಲೂ ತೇವ ಕಾಣದಿದ್ದರೆ ಟೈಲ್ಸ್‌ಗೆ ಅನುಮತಿ ಕೊಡಿ. ನೆಲದ ಟೈಲ್ಸ್ ಹಾಕುವಾಗ ಪ್ರತಿ ಮೀಟರಿಗೆ ಕನಿಷ್ಠ 10 ಮಿಲಿಮೀಟರ್ ಇಳಿಜಾರು ನೀರು ಹೋಗುವ ಬಾಯಿಯ ಕಡೆಗೆ ಇರಬೇಕು. ಮಟ್ಟ ನೋಡುವ ಸ್ಪಿರಿಟ್ ಲೆವೆಲ್ ಇಟ್ಟು ನೀವೇ ಜೊತೆಯಲ್ಲಿ ನಿಂತು ನೋಡಿ. ಹಾಕಿದ ಮಾರನೆಯ ದಿನ ಒಂದೊಂದು ಟೈಲನ್ನೂ ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಗುರುತಾದವುಗಳನ್ನು ಸಂದು ತುಂಬುವ ಮುಂಚೆ ತೆಗೆಸಿ ಮತ್ತೆ ಹಾಕಿಸಿಕೊಳ್ಳಿ, ಆದರೆ ತೆಗೆಯುವಾಗ ಕೆಳಗಿನ ಪದರಕ್ಕೆ ಪೆಟ್ಟು ಬಿದ್ದಿದ್ದರೆ ಆ ಜಾಗಕ್ಕೆ ಮೊದಲು ವಾಟರ್‌ಪ್ರೂಫಿಂಗ್ ಬಳಿಸಿ. ಇವಿಷ್ಟೂ ಆದ ಮೇಲೆ ಆ ಹಂತದ ಹಣವನ್ನು ಅದೇ ದಿನ ಸಂಜೆ ತಡಮಾಡದೆ ಕೊಟ್ಟುಬಿಡಿ.